ಹೊಸ ಆಡು ಹಟ್ಟಿಗೆ ಬರುವ ಮುನ್ನ: ಆಡು ಸಾಕುವವರಿಗೆ 12 ಸೂತ್ರಗಳು

ಮುಂಬೈ ಬಳಿಯ ಠಾಕುರ್ಲಿ ಸ್ಟೇಷನ್ನಿಂದ ಕಲ್ಯಾಣದ ಕಡೆ ಲೋಕಲ್ ರೈಲು ಹೊರಟಾಗ ಕಿಟಕಿಯಾಚೆ ನೋಡುತ್ತಾ ಕೂತರೆ, ಹಳಿಯ ಬದಿಯ ಇಳಿಜಾರಿನಲ್ಲಿ ಆಗಾಗ ಆಡುಗಳು ಮೇಯುವುದು ಕಾಣುತ್ತದೆ. ಅವುಗಳ ಹಿಂದೆ ಕೋಲು ಹಿಡಿದು ನಿಂತವರನ್ನು ಮಾತಾಡಿಸಿದರೆ ಕೆಲವೊಮ್ಮೆ ಉತ್ತರ ನಮ್ಮ ಕನ್ನಡದಲ್ಲೇ ಬರುತ್ತದೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು, ಗುಡಿಸಲ ಮಗ್ಗುಲಲ್ಲಿ ನಾಲ್ಕು ಆಡು ಕಟ್ಟಿಕೊಂಡವರು ಅವರು. ಡೊಂಬಿವಲಿಯ ಫ್ಲ್ಯಾಟಿನಲ್ಲಿದ್ದುಕೊಂಡು ಮುರಬಾಡ, ಶಹಾಪುರದ ಕಡೆ ಜಾಗ ಹಿಡಿದು ಶೆಡ್ ಹಾಕಿದವರಿದ್ದಾರೆ. ತಿಂಗಳ ಸಂಬಳದಲ್ಲಿ ಉಳಿಸಿ, ಊರಲ್ಲಿರುವ ತಮ್ಮನಿಗೆ ಆಡು ಕೊಡಿಸಿದವರೂ ಇದ್ದಾರೆ.

ಈ ಮೂವರಿಗೂ ಹೇಳಬೇಕಾದ ಮಾತು ಒಂದೇ. ಆಡು ಸಾಕಣೆಯಲ್ಲಿ ಗಂಟು ಕರಗುವುದು ಮೇವಿನಿಂದಲ್ಲ, ತಳಿಯಿಂದಲೂ ಅಲ್ಲ. ನಿನ್ನೆ ಕೊಂಡು ತಂದ ಆಡನ್ನು ಇವತ್ತೇ ಹಳೆಯ ಹಿಂಡಿನೊಳಗೆ ಬಿಡುವುದರಿಂದ. ಆ ಒಂದು ಆಡಿನ ಉಸಿರಿನಲ್ಲಿ ಬರುವ ಕೇಡುಗಳಲ್ಲಿ ದೊಡ್ಡದು ಆಡುಗಳ ಸಾಂಕ್ರಾಮಿಕ ಶ್ವಾಸಕೋಶ ಬೇನೆ. ಪಶುವೈದ್ಯರು ಇದನ್ನು ಚುಟುಕಾಗಿ ಸಿಸಿಪಿಪಿ ಎನ್ನುತ್ತಾರೆ. ಮೈಕೋಪ್ಲಾಸ್ಮ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮೊದಲೆಂದೂ ಈ ಬೇನೆ ಕಾಣದ ಹಿಂಡಿಗೆ ಅದು ಹೊಕ್ಕರೆ ಎಲ್ಲ ಆಡುಗಳಿಗೂ ತಗಲಬಹುದು, ನೂರಕ್ಕೆ 60ರಿಂದ 80 ಸಾಯಬಹುದು.

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿವೆ. ಕರ್ನಾಟಕದಲ್ಲಿ ಸುಮಾರು 62 ಲಕ್ಷ, ಮಹಾರಾಷ್ಟ್ರದಲ್ಲಿ ಒಂದು ಕೋಟಿಗೂ ಹೆಚ್ಚು. ಇವುಗಳಲ್ಲಿ ಬಹುಪಾಲು ಇರುವುದು ಬಡವರ ಮನೆಯಲ್ಲಿ, ಮಗಳ ಮದುವೆಗೋ ಮಗನ ಫೀಸಿಗೋ ಎಂದು ಇಟ್ಟ ಗಂಟಿನಂತೆ. ಆ ಗಂಟು ಉಳಿಯಬೇಕು ಎಂಬ ಆಸೆಯಿಂದ ಈ ಸೂತ್ರಗಳು.

1. ಹವೆಯನ್ನು ಬೈಯುವುದು ಬಿಡಿ.

"ಹವಾ ಬದಲಾಗ್ಯಾದ್ರಿ ಅಣ್ಣಾರ, ಅದಕ್ಕ ಕೆಮ್ಲಾಕತ್ಯಾವ." ಮಳೆಗಾಲದ ಮೊದಲ ವಾರದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೇಳುವವರನ್ನು ದೂರುವಂತಿಲ್ಲ, ಓದಿದ ವೈದ್ಯರೇ ಹಿಂದೆ ಹಾಗೆ ನಂಬಿದ್ದರು. 1873ರಲ್ಲಿ ಅಲ್ಜೀರಿಯಾದಲ್ಲಿ ಥಾಮಸ್ ಎಂಬುವರು ಈ ಬೇನೆಯನ್ನು ಮೊದಲು ವರ್ಣಿಸಿದಾಗ, ಇದು ಅಂಟುವ ರೋಗವಲ್ಲ, ಹವಾಮಾನದ ಏರುಪೇರಿನಿಂದ ಬರುವಂಥದ್ದು ಎಂದೇ ಎಣಿಸಿದರು.

ಎಂಟು ವರ್ಷದ ನಂತರ ದಕ್ಷಿಣ ಆಫ್ರಿಕಾ ಅದಕ್ಕೆ ಬೇರೆಯೇ ಉತ್ತರ ಕೊಟ್ಟಿತು. 1881ರಲ್ಲಿ ಟರ್ಕಿಯಿಂದ ಹಡಗಿನಲ್ಲಿ ಅಂಗೋರಾ ಆಡುಗಳನ್ನು ಅಲ್ಲಿಗೆ ತಂದರು. ಅವುಗಳ ಜೊತೆ ಬೇನೆಯೂ ಇಳಿಯಿತು, ಅಲ್ಲಿನ ಆಡುಗಳು ಸಾಯತೊಡಗಿದವು. ಅಲ್ಲಿ ಪಶುವೈದ್ಯಾಧಿಕಾರಿಯಾಗಿದ್ದ ಡಂಕನ್ ಹಚನ್ ಇದು ಒಂದರಿಂದ ಒಂದಕ್ಕೆ ಅಂಟುವ ರೋಗವೆಂದು ಗುರುತಿಸಿದರು. ಬೇನೆ ಬಿದ್ದ ಹಿಂಡುಗಳನ್ನು ಕೊಂದು, ಉಳಿದವಕ್ಕೆ ಆ ಕಾಲದ ಕಚ್ಚಾ ಲಸಿಕೆ ಹಾಕಿ ಅದನ್ನು ತೊಲಗಿಸಲಾಯಿತು. ಕಾರಣವಾದ ಸೂಕ್ಷ್ಮಾಣುವನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾದದ್ದು ಮಾತ್ರ 1976ರಲ್ಲಿ, ಕೀನ್ಯಾದಲ್ಲಿ. ಹೆಸರಿಟ್ಟು ನೂರು ವರ್ಷ ದಾಟಿದ ಮೇಲೆ ಕಳ್ಳ ಕೈಗೆ ಸಿಕ್ಕ.

ಹಾಗಂತ ಮಳೆ, ಚಳಿಗೆ ಇದರಲ್ಲಿ ಪಾಲೇ ಇಲ್ಲವೆನ್ನಲಾಗದು. ಜೋರು ಮಳೆಯಾದ ಮೇಲೆ, ಥಂಡಿ ಬಿದ್ದ ಮೇಲೆ, ಲಾರಿಯಲ್ಲಿ ದೂರ ಪ್ರಯಾಣ ಮಾಡಿದ ಮೇಲೆ ಬೇನೆ ಭುಗಿಲೇಳುವುದು ನಿಜ. ಗಾಳಿ ಕಿಡಿಯನ್ನು ಊದುತ್ತದೆ. ಕಿಡಿ ತಂದದ್ದು ಯಾವುದೋ ಒಂದು ಆಡು. ಅದು ಯಾವುದೆಂದು ಹುಡುಕಿ.

2. ಹೊಸ ಆಡಿಗೆ 45 ದಿನ ಬೇರೆ ಮನೆ.

ಹನ್ನೆರಡರಲ್ಲಿ ಒಂದನ್ನೇ ಪಾಲಿಸಲು ಸಾಧ್ಯವೆನ್ನುವವರು ಇದನ್ನು ಪಾಲಿಸಿ.

ಸೋಂಕು ತಗಲಿದ ಆಡಿನಲ್ಲಿ ಸಾಮಾನ್ಯವಾಗಿ 6ರಿಂದ 10 ದಿನಕ್ಕೆ ಲಕ್ಷಣ ಕಾಣುತ್ತದೆ. ಕೆಲವಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮಾವಳಿ ಈ ಬೇನೆಗೆ 45 ದಿನದ ಗಡುವು ಇಟ್ಟಿದೆ, ಏಕೆಂದರೆ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದು ಒಳಗೆ ರೋಗಾಣು ಹೊತ್ತು ತಿರುಗುವ ಆಡುಗಳೂ ಉಂಟು. ಸಂತೆಯಿಂದ ತಂದ ಆಡು ಮೂರು ದಿನ ಚೆನ್ನಾಗಿ ಮೇಯ್ದಿತೆಂದು ಒಳಗೆ ಬಿಡುವವರು ಅಲ್ಲೇ ಎಡವುತ್ತಾರೆ.

ಬೇರೆ ಮನೆಯೆಂದರೆ ದೊಡ್ಡ ಖರ್ಚಿನ ಶೆಡ್ಡೇ ಆಗಬೇಕಿಲ್ಲ. ನಾಲ್ಕು ಗಳು, ಮೇಲೊಂದು ತಾಡಪತ್ರಿ ಸಾಕು. ಈ ರೋಗಾಣು ಹರಡುವುದು ಮುಖ್ಯವಾಗಿ ಕೆಮ್ಮಿದಾಗ ಹಾರುವ ಹನಿಗಳಿಂದ, ಮೂತಿಗೆ ಮೂತಿ ತಾಗುವಷ್ಟು ಹತ್ತಿರದಲ್ಲಿ. ಆದ್ದರಿಂದ ನಡುವೆ ಒಂದು ತಟ್ಟಿ ನಿಲ್ಲಿಸಿ ಬೇರೆ ಮಾಡಿದೆ ಎಂದುಕೊಳ್ಳಬೇಡಿ, ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕಟ್ಟಿ. ನೀರಿನ ಬಕೆಟ್ ಬೇರೆ, ಮೇವಿನ ಬುಟ್ಟಿ ಬೇರೆ, ಹಗ್ಗ ಬೇರೆ. ಬೆಳಿಗ್ಗೆ ಮೊದಲು ಹಳೆಯವಕ್ಕೆ ಮೇವು ಹಾಕಿ, ಆಮೇಲೆ ಹೊಸದರ ಕಡೆ ಹೋಗಿ. ತಿರುಗಿ ಹಳೆಯದರ ಹತ್ತಿರ ಬರುವುದಿದ್ದರೆ ಕೈಕಾಲು ತೊಳೆದು ಬನ್ನಿ. ಮೇಯಲು ಒಟ್ಟಿಗೆ ಬಿಡಬೇಡಿ. ಅಷ್ಟೂ ಜಾಗವಿಲ್ಲದಿದ್ದರೆ ಈ ವರ್ಷ ಹೊಸ ಆಡು ಕೊಳ್ಳಬೇಡಿ. ಮನೆಯಲ್ಲಿ ಹುಟ್ಟಿದ ಮರಿಯನ್ನೇ ಬೆಳೆಸಿ.

ಆ 45 ದಿನವೂ ಬೆಳಿಗ್ಗೆ ಜ್ವರ ನೋಡಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಆಡಿಗೆಂದೇ ಇಟ್ಟುಕೊಳ್ಳಿ, ಗುದದ್ವಾರದಲ್ಲಿಟ್ಟು ನೋಡಿ. ಆಡಿನ ಸಹಜ ಬಿಸಿ 102, 103 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಈ ಬೇನೆಯಲ್ಲಿ ಅದು 106 ದಾಟುತ್ತದೆ.

3. ಮಾರಾಟವಾಗದೆ ಮರಳಿದ ಆಡೂ ಹೊಸ ಆಡೇ.

ಬಕ್ರೀದ್ ಹತ್ತಿರ ಬಂದಂತೆ ಮುಂಬೈಯ ದೇವನಾರ್ ಕಸಾಯಿಖಾನೆಯ ಅಂಗಳಕ್ಕೆ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಉತ್ತರಪ್ರದೇಶದಿಂದ ಲಾರಿಗಟ್ಟಲೆ ಆಡುಗಳು ಬರುತ್ತವೆ. ನಮ್ಮವರೂ ವರ್ಷವಿಡೀ ಸಾಕಿದ ಹೋತಗಳನ್ನು ಟೆಂಪೋದಲ್ಲಿ ಅಲ್ಲಿಗೆ ಒಯ್ಯುತ್ತಾರೆ. ಹತ್ತರಲ್ಲಿ ಏಳು ಮಾರಿ, ಬೆಲೆ ಕುದುರದ ಮೂರನ್ನು ವಾಪಸ್ ತಂದು ರಾತ್ರಿ ಅದೇ ಹಟ್ಟಿಗೆ ಕಟ್ಟುತ್ತಾರೆ. ನಮ್ಮದೇ ಆಡು ತಾನೇ ಎಂಬ ಭಾವನೆ. ಆದರೆ ಅದು ಎರಡು ಮೂರು ದಿನ ಊರೂರಿನ ಆಡುಗಳ ಮಗ್ಗುಲಲ್ಲಿ ನಿಂತು ಉಸಿರಾಡಿ ಬಂದಿದೆ. ಉಪವಾಸ, ನಿದ್ದೆಗೇಡು, ಪ್ರಯಾಣದಿಂದ ಸೊರಗಿಯೂ ಬಂದಿದೆ. ಅದಕ್ಕೂ ಸೂತ್ರ 2 ಅನ್ವಯ. ನನ್ನ ಮಟ್ಟಿಗೆ, ಸಂತೆಗೆ ಹೋದ ಆಡು ಮನೆಗೆ ಮರಳದಿರುವುದೇ ಒಳ್ಳೆಯದು. ಇನ್ನೂರು ಮುನ್ನೂರು ಕಡಿಮೆಯಾದರೂ ಅಲ್ಲೇ ಕೊಟ್ಟು ಬನ್ನಿ.

4. ಬೆಲೆ ಕೇಳುವ ಮೊದಲು ಉಸಿರು ಎಣಿಸಿ.

ಹಲ್ಲು ನೋಡುತ್ತೀರಿ, ಬೆನ್ನು ಹಿಡಿದು ಮಾಂಸ ಅಂದಾಜು ಮಾಡುತ್ತೀರಿ. ಅದಕ್ಕೂ ಮುಂಚೆ ಒಂದು ನಿಮಿಷ ದೂರ ನಿಂತು ಪಕ್ಕೆಯ ಏರಿಳಿತ ಎಣಿಸಿ. ನೆರಳಲ್ಲಿ ಸುಮ್ಮನೆ ನಿಂತ ದೊಡ್ಡ ಆಡು ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಆಮೇಲೆ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಜೋರಾಗಿ ನಡೆಸಿ. ಎದೆ ಕೆಟ್ಟ ಆಡು ಅಲ್ಲೇ ಕೆಮ್ಮುತ್ತದೆ. ಜೊತೆಯಲ್ಲಿ ನಿಂತ ಉಳಿದ ಆಡುಗಳನ್ನೂ ನೋಡಿ. ಒಂದು ಕೆಮ್ಮಿದರೂ ಆ ಗುಂಪಿನಿಂದ ಏನೂ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ.

ದೂರದ ಊರಿಗೆ ಸಾಗಿಸುವಾಗ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಬೇಕೆಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ವ್ಯಾಪಾರಿಯ ಬಳಿ ಅದನ್ನು ಕೇಳಿ.

5. ಆಡು ನಿಲ್ಲುವ ರೀತಿಯನ್ನು ಓದಲು ಕಲಿಯಿರಿ.

ಒಮ್ಮೆ ನೋಡಿದರೆ ಮರೆಯುವ ದೃಶ್ಯವಲ್ಲ. ಮೊದಲ ದಿನ ಆಡು ಹಿಂಡಿನ ಹಿಂದೆ ಉಳಿಯುತ್ತದೆ, ಮೇವಿಗೆ ಬಾಯಿ ಹಾಕಿ ಬಿಟ್ಟುಬಿಡುತ್ತದೆ, ಮೈ ಸುಡುತ್ತಿರುತ್ತದೆ. ಎರಡು ಮೂರು ದಿನದಲ್ಲಿ ಕೆಮ್ಮು ಶುರುವಾಗುತ್ತದೆ, ಉಸಿರು ವೇಗವಾಗಿ ನೋವಿನಿಂದ ಕೂಡಿರುತ್ತದೆ, ಕೆಲವೊಮ್ಮೆ ಉಸಿರು ಬಿಡುವಾಗ ನರಳುವ ಸದ್ದು ಕೇಳುತ್ತದೆ. ಕೊನೆಗೆ ಅದು ನಡೆಯುವುದಿಲ್ಲ, ಮಲಗುವುದೂ ಇಲ್ಲ. ಮುಂಗಾಲು ಎರಡನ್ನೂ ಅಗಲಿಸಿ, ಕತ್ತನ್ನು ಸೆಟೆದು ಮುಂದಕ್ಕೆ ಚಾಚಿ ನಿಲ್ಲುತ್ತದೆ. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿರುತ್ತದೆ. ಮಲಗಿದರೆ ಎದೆಯಲ್ಲಿ ತುಂಬಿದ ನೀರು ಪುಪ್ಪುಸವನ್ನು ಒತ್ತುತ್ತದೆ, ಅದಕ್ಕೇ ಆ ಮೂಕಜೀವ ನಿಂತೇ ಇರುತ್ತದೆ. ಆ ಹೊತ್ತಿಗೆ ವೈದ್ಯರ ಕೈಯಲ್ಲೂ ಹೆಚ್ಚೇನಿರುವುದಿಲ್ಲ.

ಆದ್ದರಿಂದ ಕಣ್ಣಿಡಬೇಕಾದದ್ದು ಮೊದಲ ದಿನದ ಮೇಲೆ. ಹಿಂಡಿನ ಹಿಂದೆ ಉಳಿದ ಆಡನ್ನು ಆಗಲೇ ಬೇರೆ ಕಟ್ಟಿ.

6. ಕೆಮ್ಮುವ ಆಡಿಗೆಲ್ಲ ಒಂದೇ ಹೆಸರು ಕೊಡಬೇಡಿ.

ಪಿಪಿಆರ್, ಅಂದರೆ ಹಿರೇಬೇನೆ ಬಂದರೆ ಕೆಮ್ಮಿನ ಜೊತೆ ಕಣ್ಣು ಮೂಗಿನಿಂದ ಸುರಿತ, ಬಾಯಿಯಲ್ಲಿ ಹುಣ್ಣು, ಭೇದಿ ಇರುತ್ತದೆ. ಅದು ವೈರಸ್ಸಿನ ರೋಗ, ಭಾರತದಲ್ಲಿ ಮೊದಲು ಗುರುತಾದದ್ದು 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ. ಪಾಶ್ಚುರೆಲ್ಲ ಜಾತಿಯ ಬ್ಯಾಕ್ಟೀರಿಯಾದಿಂದಲೂ ನ್ಯುಮೋನಿಯಾ ಬರುತ್ತದೆ, ಪ್ರಯಾಣದ ದಣಿವಿನ ನಂತರ ಹೆಚ್ಚು. ಪುಪ್ಪುಸದ ಹುಳು ಇದ್ದರೂ ಕೆಮ್ಮು ಬಿಡದು. ಸಿಸಿಪಿಪಿಯಲ್ಲಿ ಕೇಡೆಲ್ಲ ಎದೆಯೊಳಗೇ. ಭೇದಿ ಇಲ್ಲ, ಬಾಯಿ ಹುಣ್ಣಿಲ್ಲ. ಪಕ್ಕದಲ್ಲಿ ಕಟ್ಟಿದ ದನ ಆರಾಮಾಗಿರುತ್ತದೆ, ಕುರಿಗೆ ತಗಲುವುದು ಕಡಿಮೆ. ಆಡುಗಳು ಮಾತ್ರ ಒಂದರ ಹಿಂದೊಂದು ಬೀಳುತ್ತವೆ. ಈ ವ್ಯತ್ಯಾಸವನ್ನು ವೈದ್ಯರಿಗೆ ಬಿಡಿಸಿ ಹೇಳಿ, ಅವರ ಅರ್ಧ ಕೆಲಸ ಹಗುರಾಗುತ್ತದೆ. ಎರಡು ಬೇನೆ ಒಟ್ಟಿಗೇ ಬಂದಿರುವುದೂ ಉಂಟು, ತೀರ್ಮಾನ ಅವರಿಗೇ ಬಿಡಿ.

7. ಪೆನಿಸಿಲಿನ್ ಚುಚ್ಚಿ ದಿನ ಕಳೆಯಬೇಡಿ.

ಮೆಡಿಕಲ್ ಅಂಗಡಿಯವರನ್ನು ಕೇಳಿ ತಂದ ಇಂಜೆಕ್ಷನ್ನೇ ಎಷ್ಟೋ ಹಟ್ಟಿಗಳ ಮೊದಲ ಮದ್ದು. ಪೆನಿಸಿಲಿನ್, ಅಮಾಕ್ಸಿಸಿಲಿನ್‌ನಂಥ ಔಷಧಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕಟ್ಟಗೊಡದೆ. ಮೈಕೋಪ್ಲಾಸ್ಮಕ್ಕೆ ಆ ಗೋಡೆಯೇ ಇಲ್ಲ. ಹೀಗಾಗಿ ಎಷ್ಟು ಚುಚ್ಚಿದರೂ ಅದಕ್ಕೆ ನಾಟದು, ಅಷ್ಟರಲ್ಲಿ ಚಿಕಿತ್ಸೆ ಫಲಿಸಬಹುದಾಗಿದ್ದ ಎರಡು ಮೂರು ದಿನ ಕೈಬಿಟ್ಟು ಹೋಗುತ್ತದೆ. ಟೈಲೋಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಬೇಗ ಕೊಟ್ಟರೆ ಕೆಲಸ ಮಾಡುತ್ತವೆ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಆಡಿನ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಆಡು ಮೇವು ತಿನ್ನಲು ಶುರುಮಾಡಿತೆಂದು ನಡುವೆ ನಿಲ್ಲಿಸಬೇಡಿ. ಮದ್ದು ನಡೆಯುವಾಗಲೂ ಮುಗಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಹಾಲು, ಮಾಂಸ ಬಳಸಬಾರದು.

ಗುಣವಾದ ಆಡು ರೋಗಾಣುವನ್ನು ಒಳಗೇ ಉಳಿಸಿಕೊಂಡಿರಬಹುದು. ಅದನ್ನು ತಳಿಗೆ ಇಟ್ಟುಕೊಳ್ಳಬೇಡಿ, ಬೇರೆಯವರ ಹಿಂಡಿಗೂ ಮಾರಬೇಡಿ.

8. ಸತ್ತ ಆಡಿನ ಎದೆ ತೆರೆಸಿ ನೋಡಿ.

ಸತ್ತಿತಲ್ಲ, ಇನ್ನೇನು ಎಂದು ರಾತ್ರೋರಾತ್ರಿ ನಾಲೆಗೆ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ಆಡುಗಳನ್ನು ಉಳಿಸುವ ಸುಳಿವು ಇರುವುದು ಆ ಎದೆಗೂಡಿನಲ್ಲಿ. ವೈದ್ಯರು ಪಕ್ಕೆಲುಬು ಸರಿಸಿದರೆ ಒಣಹುಲ್ಲಿನ ಬಣ್ಣದ ನೀರು ತುಂಬಿರುವುದು ಕಾಣುತ್ತದೆ. ಸಾಮಾನ್ಯವಾಗಿ ಒಂದೇ ಕಡೆಯ ಪುಪ್ಪುಸ ಗಟ್ಟಿಯಾಗಿ ಎದೆಗೋಡೆಗೆ ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆಯದು ಸರಿಯಾಗಿಯೇ ಇರುತ್ತದೆ. ಇದು ಸಿಸಿಪಿಪಿಯ ದೊಡ್ಡ ಗುರುತು. ಆ ನೀರನ್ನೂ, ಪುಪ್ಪುಸದ ಕೆಟ್ಟ ಭಾಗಕ್ಕೂ ಒಳ್ಳೆಯ ಭಾಗಕ್ಕೂ ನಡುವಿನ ಅಂಚಿನ ತುಣುಕನ್ನೂ ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಠಾಕುರ್ಲಿಯವರಿಗೆ ಹತ್ತಿರವಿರುವುದು ಪರೇಲಿನ ಮುಂಬೈ ಪಶುವೈದ್ಯಕೀಯ ಕಾಲೇಜು. 1886ರಿಂದ ನಡೆದುಬಂದ ಸಂಸ್ಥೆ ಅದು. ಪಶ್ಚಿಮ ವಲಯದ ರೋಗ ಪತ್ತೆ ಪ್ರಯೋಗಾಲಯ ಪುಣೆಯ ಔಂಧ್‌ನಲ್ಲಿದೆ. ಊರಲ್ಲಿ ಆಡು ಬಿಟ್ಟವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ದಕ್ಷಿಣ ವಲಯದ ಪ್ರಯೋಗಾಲಯವಿದೆ. ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕವೇ ಕಳಿಸಿ.

ಪರೀಕ್ಷೆ ಮುಗಿದ ಮೇಲೆ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಸತ್ತ ಆಡಿನ ಮಾಂಸ ಮನೆಗೂ ಬೇಡ, ನಾಯಿಗೂ ಬೇಡ. ಈ ಬೇನೆ ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ.

9. ಲಸಿಕೆಯ ಪಟ್ಟಿ ಗೋಡೆಗೆ ಅಂಟಿಸಿ.

ಪಿಪಿಆರ್ ಲಸಿಕೆಯನ್ನು ಮರಿಗೆ ಮೂರು ನಾಲ್ಕು ತಿಂಗಳಾದಾಗ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಸಿಸಿಪಿಪಿ ಲಸಿಕೆ ಹಾಕುವ ಕಡೆ ಮೂರು ತಿಂಗಳು ದಾಟಿದ ಮರಿಗಳಿಂದ ಶುರುಮಾಡಿ ವರ್ಷಕ್ಕೊಮ್ಮೆ ಕೊಡುತ್ತಾರೆ. ಇದು ಎಲ್ಲ ಆಸ್ಪತ್ರೆಯಲ್ಲೂ ಯಾವಾಗಲೂ ಸಿಗುವಂಥದ್ದಲ್ಲ, ಹತ್ತು ಮಂದಿ ಸೇರಿ ಮೊದಲೇ ಕೇಳಿಟ್ಟರೆ ತರಿಸುವುದು ಸುಲಭ. ಕೆಮ್ಮುತ್ತಿರುವ ಆಡಿಗೆ ಲಸಿಕೆ ಹಾಕಿಸಬೇಡಿ. ಲಸಿಕೆ ಮದ್ದಲ್ಲ.

ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಜಾನುವಾರು ರೋಗಗಳ ಮುನ್ಸೂಚನೆಯನ್ನು ಪ್ರತಿ ತಿಂಗಳೂ ಜಿಲ್ಲಾವಾರು ಪ್ರಕಟಿಸುತ್ತದೆ. ಓದಿದ ಮಕ್ಕಳು ಮನೆಯಲ್ಲಿದ್ದರೆ, ನಿಮ್ಮ ಜಿಲ್ಲೆಯ ಹೆಸರು ಅದರಲ್ಲಿದೆಯೇ ಎಂದು ನೋಡಲು ಹೇಳಿ.

10. ಗೋಡೆಗಿಂತ ಗಾಳಿ ಮುಖ್ಯ.

ನಮ್ಮ ಬಯಲುಸೀಮೆಯ ಲೆಕ್ಕ ಕೊಂಕಣದಲ್ಲಿ ನಡೆಯುವುದಿಲ್ಲ. ಇಂಡಿಯಲ್ಲಿ, ಆಳಂದದಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದರಲ್ಲೇ ಸುರಿದುಬಿಡುತ್ತದೆ. ಮಳೆಗೆ ಹೆದರಿ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿ ಶೆಡ್ಡನ್ನು ಬಿಗಿದುಬಿಡುತ್ತಾರೆ. ಬಾಗಿಲು ಸರಿಸಿದರೆ ಉಚ್ಚೆಯ ಘಾಟಿಗೆ ನಮ್ಮ ಕಣ್ಣಲ್ಲೇ ನೀರು ಬರುತ್ತದೆ. ನಮಗೇ ಹೀಗಾದರೆ, ರಾತ್ರಿಯಿಡೀ ನೆಲದ ಮಟ್ಟಕ್ಕೆ ಮೂಗಿಟ್ಟು ಮಲಗುವ ಮರಿಯ ಪುಪ್ಪುಸದ ಗತಿಯೇನು? ಮಳೆ ಬಡಿಯುವ ದಿಕ್ಕಿಗೆ ಮಾತ್ರ ಮರೆ ಕಟ್ಟಿ, ಉಳಿದ ಕಡೆ ಮೇಲಿನ ಎರಡು ಅಡಿ ತೆರೆದೇ ಇರಲಿ. ನೆಲದಿಂದ ಎತ್ತರಿಸಿ, ಬಿದಿರಿನದೋ ಹಲಗೆಯದೋ ಸಂದು ಬಿಟ್ಟ ಅಟ್ಟಣೆ ಹಾಕಿದರೆ ಹಿಕ್ಕೆ, ಉಚ್ಚೆ ಕೆಳಗೆ ಬಿದ್ದು ಆಡು ಒಣಗಿದ ಜಾಗದಲ್ಲಿ ಮಲಗುತ್ತದೆ. ದೊಡ್ಡ ಆಡಿಗೆ ಹತ್ತು ಚದರಡಿ, ಹೋತಕ್ಕೆ ಇಪ್ಪತ್ತು ಲೆಕ್ಕ ಹಿಡಿಯಿರಿ. ಅಷ್ಟು ಜಾಗವಿಲ್ಲದಿದ್ದರೆ ಆಡು ಕಡಿಮೆ ಮಾಡಿ.

ಬೇನೆ ಬಂದ ಶೆಡ್ಡಿನ ಬಗ್ಗೆ ಒಂದು ಸಮಾಧಾನದ ಮಾತಿದೆ. ಈ ರೋಗಾಣು ಆಡಿನ ಮೈಯಿಂದ ಹೊರಗೆ ಹೆಚ್ಚು ದಿನ ಬದುಕದು, ನಮ್ಮಂಥ ಬಿಸಿ ಸೀಮೆಯಲ್ಲಿ ಮೂರು ದಿನ ಉಳಿದರೆ ಹೆಚ್ಚು. ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟರೆ ಜಾಗ ಮತ್ತೆ ಬಳಸಬಹುದು. ಅಪಾಯ ಉಳಿಯುವುದು ನೆಲದಲ್ಲಲ್ಲ, ಗುಣವಾದಂತೆ ಕಾಣುವ ಆಡಿನಲ್ಲಿ.

11. ಹೋತ ಎರವಲು ತರಬೇಡಿ.

ಒಂದು ಹೋತ ಐದು ಹಟ್ಟಿ ಸುತ್ತಿದರೆ ಐದು ಹಟ್ಟಿಯ ಉಸಿರೂ ಅದರ ಜೊತೆ ಸುತ್ತುತ್ತದೆ. ನೆಂಟಸ್ತಿಕೆ ಕೆಡುತ್ತದೆ ಎನಿಸಿದರೂ ಇಲ್ಲ ಎನ್ನಿ.

12. ಮುಚ್ಚಿಡಬೇಡಿ, ಮಾರಿ ಕೈತೊಳೆದುಕೊಳ್ಳಬೇಡಿ.

ಎರಡು ಆಡು ಸತ್ತೊಡನೆ ಉಳಿದವನ್ನು ಸಿಕ್ಕ ಬೆಲೆಗೆ ಸಂತೆಗೆ ತಳ್ಳುವುದು ಎಲ್ಲೆಡೆ ನಡೆಯುತ್ತದೆ. ಆ ಆಡು ಇನ್ನೊಬ್ಬ ಬಡವನ ಹಟ್ಟಿಗೇ ಹೋಗುತ್ತದೆ. ಇದು ತಪ್ಪು. 2009ರ ಜಾನುವಾರು ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಈ ಬೇನೆಯ ಹೆಸರಿದೆ. ರೋಗದ ಅನುಮಾನ ಬಂದರೆ ತಿಳಿಸುವುದೂ, ರೋಗದ ಆಡನ್ನು ಬೇರೆ ಇಡುವುದೂ ಸಾಕುವವರ ಕರ್ತವ್ಯವೆಂದು ಅದು ಹೇಳುತ್ತದೆ.

ತಿಳಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ದನಗಳಿಗೆ ಬರುತ್ತಿದ್ದ ಇದೇ ಕುಲದ ಶ್ವಾಸಕೋಶ ಬೇನೆಯನ್ನು ಹುಡುಕಿ ಹುಡುಕಿ ತೊಲಗಿಸಿ, 2007ರಲ್ಲಿ ಭಾರತ ಅದರಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ದನಕ್ಕೆ ಸಾಧ್ಯವಾದದ್ದು ಆಡಿಗೂ ಸಾಧ್ಯವಾಗಬೇಕು.

ಠಾಕುರ್ಲಿಯ ಹಳಿಯ ಬದಿಯಲ್ಲಿರಲಿ, ಮುರಬಾಡದ ಶೆಡ್ಡಿನಲ್ಲಿರಲಿ, ಊರಿನ ತಮ್ಮನ ಹಟ್ಟಿಯಲ್ಲಿರಲಿ, ಹಿಂಡಿನ ಹಿಂದೆ ಒಂದು ಆಡು ಉಳಿದು ಕೆಮ್ಮಿದರೆ ಸಂಜೆಯವರೆಗೆ ಕಾಯಬೇಡಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962, ಕರೆಗೆ ಶುಲ್ಕವಿಲ್ಲ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ ಸಂಖ್ಯೆ. ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ಊರಿನ ತಮ್ಮನಿಗೂ ಕಳಿಸಿ.